ಬ್ರೇಕಿಗೆ ಕಟ್ಟುವ ದುಡ್ಡು: ಹಾಸನ, ಚಿಕ್ಕಮಗಳೂರು ರಸ್ತೆಗಳಲ್ಲಿ ಪೆಟ್ರೋಲ್ ಖರ್ಚು ಇಳಿಸೋದು ಹೇಗೆ?

ಹೊಸ ಗಾಡಿ ಮನೆ ಮುಂದೆ ಬಂದು ನಿಂತರೆ ಸಾಕು, ಅಕ್ಕಪಕ್ಕದವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತೆ?’. ಗಾಡಿ ಏನೋ ದಾನ ಮಾಡುತ್ತದೆ ಅನ್ನುವ ಹಾಗೆ! ಒಂದೇ ಕಾರು ಅಣ್ಣನ ಕೈಯಲ್ಲಿ ಲೀಟರಿಗೆ 17 ಕಿ.ಮೀ. ಕೊಡುತ್ತದೆ, ತಮ್ಮನ ಕೈಯಲ್ಲಿ 14ಕ್ಕೆ ಇಳಿಯುತ್ತದೆ. ರಸ್ತೆ ಅದೇ, ಬಂಕ್ ಅದೇ, ಟೈರೂ ಅದೇ. ಬದಲಾಗಿದ್ದು ಪೆಡಲ್ ಮೇಲಿರುವ ಕಾಲು ಮಾತ್ರ.

ಪೆಟ್ರೋಲ್ ಉಳಿಸಿ ಅಂದರೆ ಸಾಮಾನ್ಯವಾಗಿ ಎಲ್ಲರೂ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ ಅನ್ನುತ್ತಾರೆ. ಸರಿಯೇ. ಆದರೆ ನಮ್ಮ ಕಡೆಯ ರಸ್ತೆಗಳಲ್ಲಿ, ಅಂದರೆ ಊರಿಗೊಂದು ಹಂಪ್, ಫರ್ಲಾಂಗಿಗೊಂದು ತಿರುವು, ಆಚೆ ಘಾಟಿ ಇರುವ ಕಡೆ, ಬ್ರೇಕ್ ಮೇಲೆ ಕಣ್ಣಿಟ್ಟರೆ ಜಾಸ್ತಿ ಉಳಿಯುತ್ತದೆ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಎಲ್ಲ ಕಡೆ ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದೇ ಹಿಡಿಯೋಣ. ನಿಮ್ಮ ಬಂಕಿನ ದರ ಅದಕ್ಕಿಂತ ಎರಡು ಮೂರು ರೂಪಾಯಿ ಹೆಚ್ಚುಕಡಿಮೆ ಇದ್ದರೂ ಲೆಕ್ಕ ಕೆಡುವುದಿಲ್ಲ.

ಮೊದಲು ಅಳೆಯಿರಿ

ಈಗ ಎಷ್ಟು ಖರ್ಚಾಗುತ್ತಿದೆ ಅಂತಲೇ ಗೊತ್ತಿಲ್ಲದಿದ್ದರೆ ಉಳಿಸಿದ್ದು ಹೇಗೆ ಗೊತ್ತಾಗಬೇಕು? ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಮೈಲೇಜ್ ನಂಬಿಕೊಂಡು ಕೂರಬೇಡಿ, ಅದು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಶೋರೂಮಿನಲ್ಲಿ ಹೇಳಿದ ಎಆರ್‌ಎಐ (ಗಾಡಿಗಳನ್ನು ಪರೀಕ್ಷಿಸುವ ಸಂಸ್ಥೆ) ಅಂಕಿ ಕೂಡ ಇಲ್ಲಿಗೆ ಹೊಂದುವುದಿಲ್ಲ. ಗಾಡಿಯನ್ನು ಲ್ಯಾಬಿನಲ್ಲಿ ರೋಲರ್ ಮೇಲೆ ನಿಲ್ಲಿಸಿ, ನಿಗದಿಯಾದ ವೇಗಗಳಲ್ಲಿ ಓಡಿಸಿ ಅಳೆದದ್ದು ಅದು. ಅಲ್ಲಿ ಚಾರ್ಮಾಡಿ ಇಲ್ಲ, ಹಂಪ್ ಇಲ್ಲ, ರಸ್ತೆ ಮಧ್ಯೆ ಮಲಗಿರುವ ಎಮ್ಮೆಯೂ ಇಲ್ಲ.

ಸರಿಯಾದ ದಾರಿ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಲೆಕ್ಕ ಹಾಕೋದು. ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿ. ನಾಜಲ್ ತಾನಾಗಿ ‘ಟಕ್’ ಅಂತ ಕಟ್ ಆಗುತ್ತದೆ. ಆ ಕ್ಷಣಕ್ಕೆ ಹುಡುಗ ಕೇಳುತ್ತಾನೆ, ‘ರೌಂಡ್ ಮಾಡ್ಲಾ ಸಾರ್?’ ಮೀಟರ್ 2,764 ತೋರಿಸುತ್ತಿರುತ್ತದೆ, ಅವನಿಗೆ 2,800 ಮಾಡುವ ಆಸೆ. ‘ಬೇಡಪ್ಪ, ಕಟ್ ಆದಲ್ಲಿಗೇ ಬಿಡು’ ಅನ್ನಿ. ಚಿಲ್ಲರೆ ಸಮಸ್ಯೆ ಅನ್ನುತ್ತಾನಾ, ಫೋನ್‌ಪೇ ಮಾಡಿ. ಆ ‘ರೌಂಡ್’ ಮಾಡುವುದರಲ್ಲಿ ಟ್ಯಾಂಕಿನ ಕುತ್ತಿಗೆಯ ತನಕ ಎಷ್ಟು ತುಂಬುತ್ತದೋ ಯಾರಿಗೂ ಲೆಕ್ಕ ಸಿಗುವುದಿಲ್ಲ. ಮುಂದಿನ ಸಲ ಅಳತೆ ತಪ್ಪುವುದು ಅಲ್ಲೇ. ಅದೂ ಅಲ್ಲದೆ ಹಾಗೆ ಒತ್ತಿ ಒತ್ತಿ ತುಂಬಿಸಿದರೆ ಪೆಟ್ರೋಲ್ ಆವಿ ಹಿಡಿಯುವ ಡಬ್ಬಿಗೆ ಪೆಟ್ರೋಲೇ ನುಗ್ಗಿ ಹಾಳಾಗುತ್ತದೆ.

ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕ್ ಮುಕ್ಕಾಲು ಖಾಲಿ ಆಗುವವರೆಗೆ ಓಡಿಸಿ. ಆಮೇಲೆ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಮತ್ತೆ ಕಟ್ ಆಗುವ ತನಕ ಹಾಕಿಸಿ. 420 ಕಿ.ಮೀ. ಓಡಿ 28 ಲೀಟರ್ ಹಿಡಿಸಿತು ಅಂದರೆ ನಿಮ್ಮದು 15. ಇಲ್ಲಿಗೆ ನಿಲ್ಲಿಸಬೇಡಿ, 100 ರೂಪಾಯಿಯನ್ನು 15ರಿಂದ ಭಾಗಿಸಿ. ಕಿಲೋಮೀಟರಿಗೆ 6 ರೂಪಾಯಿ 67 ಪೈಸೆ. ಹಾಸನದಿಂದ ಬೇಲೂರಿಗೆ ಹೋಗಿ ಬಂದರೆ ಹತ್ತಿರ ಹತ್ತಿರ 80 ಕಿ.ಮೀ., ಅಂದರೆ 530 ರೂಪಾಯಿ. ‘15 ಕೊಡುತ್ತೆ’ ಅನ್ನುವಾಗ ಹೆಮ್ಮೆ ಆಗುತ್ತದೆ, ‘530 ಹೋಗುತ್ತೆ’ ಅನ್ನುವಾಗ ಕಾಲು ತಾನಾಗಿ ಹಗುರಾಗುತ್ತದೆ.

ಬೈಕ್, ಸ್ಕೂಟರ್ ಇರುವವರು ದಿನಾ ನೂರು ರೂಪಾಯಿ ಹಾಕಿಸುತ್ತಾ ಹೋದರೆ ಈ ಲೆಕ್ಕ ಸಿಗುವುದೇ ಇಲ್ಲ. ತಿಂಗಳಿಗೆ ಎರಡು ಸಲವಾದರೂ ಫುಲ್ ಮಾಡಿಸಿ.

ಮನೆಯಲ್ಲಿ ಎರಡು ಮೂರು ಗಾಡಿ ಇದ್ದರೆ ಇನ್ನೊಂದು ವಿಷಯ ತಿಳಿದಿರಲಿ. ಹಳೇ ಜೀಪು 10 ಕೊಡುತ್ತಿದೆ, ಸ್ಕೂಟರ್ 45 ಕೊಡುತ್ತಿದೆ ಅಂದುಕೊಳ್ಳಿ. ಜೀಪನ್ನು 12ಕ್ಕೆ ಏರಿಸಿದರೆ ಲಾಭವೋ, ಸ್ಕೂಟರನ್ನು 55ಕ್ಕೆ ಏರಿಸಿದರೆ ಲಾಭವೋ? ಹತ್ತು ಕಿ.ಮೀ. ಏರಿತಲ್ಲ, ಸ್ಕೂಟರೇ ಅನ್ನಿಸುತ್ತದೆ. ಸಾವಿರ ಕಿ.ಮೀ.ಗೆ ಲೆಕ್ಕ ಹಾಕಿ ನೋಡಿ. ಜೀಪಿಗೆ 100 ಲೀಟರ್ ಬೇಕಿದ್ದದ್ದು 83ಕ್ಕೆ ಇಳಿಯಿತು, ಹದಿನೇಳು ಲೀಟರ್ ಉಳಿಯಿತು. ಸ್ಕೂಟರಿಗೆ 22 ಬೇಕಿದ್ದದ್ದು 18 ಆಯಿತು, ನಾಲ್ಕೇ ಲೀಟರ್. ಹಾಗಾಗಿ ಮೊದಲು ಕೈ ಹಾಕಬೇಕಾದದ್ದು ಜಾಸ್ತಿ ಕುಡಿಯುವ ಗಾಡಿಗೆ. ತೋಟದ ಜೀಪು, ಪಿಕಪ್ ಇಟ್ಟುಕೊಂಡವರು ಮನೆಯ ಹುಡುಗರ ಸ್ಕೂಟಿ ಬಗ್ಗೆ ಗೊಣಗುವ ಮುಂಚೆ ಇದನ್ನು ನೋಡಿಕೊಳ್ಳಬೇಕು.

ಎರಡನೇ ಹೆಜ್ಜೆ: ಬ್ರೇಕ್

ಗಾಡಿ 60ರ ವೇಗಕ್ಕೆ ಬರಬೇಕಾದರೆ ಇಂಜಿನ್ ಅಷ್ಟು ಪೆಟ್ರೋಲ್ ಸುಟ್ಟಿರುತ್ತದೆ. ಆ ಪೆಟ್ರೋಲಿನಿಂದ ಸಿಕ್ಕ ಶಕ್ತಿ ಈಗ ಓಟದ ರೂಪದಲ್ಲಿ ಗಾಡಿಯಲ್ಲೇ ಇದೆ. ಬ್ರೇಕ್ ಒತ್ತಿದ ಕೂಡಲೇ ಅದು ಪ್ಯಾಡ್ ಬಿಸಿ ಮಾಡಿ ಗಾಳಿಗೆ ಹೋಗುತ್ತದೆ. ಹೊಸದಾಗಿ ವೇಗ ಹಿಡಿಯಬೇಕಾದರೆ ಮತ್ತೆ ಸುಡಬೇಕು.

ಎಷ್ಟು ಸುಡಬೇಕು? ಇಬ್ಬರು ಕೂತ ಸಣ್ಣ ಕಾರು, 1,100 ಕೆಜಿ ಅಂತ ಇಟ್ಟುಕೊಳ್ಳಿ. ಅದನ್ನು ಸೊನ್ನೆಯಿಂದ 60ಕ್ಕೆ ತರಲು ಹೆಚ್ಚುಕಡಿಮೆ 15ರಿಂದ 20 ಮಿಲಿಲೀಟರ್ ಪೆಟ್ರೋಲ್ ಬೇಕು. ಅಂದರೆ 60ರಲ್ಲಿ ಬಂದು ಗಕ್ಕನೆ ಬ್ರೇಕ್ ಹಾಕಿ ನಿಂತರೆ ಒಂದೂವರೆಯಿಂದ ಎರಡು ರೂಪಾಯಿ ಹೋಯಿತು. 80ರಿಂದ ನಿಂತರೆ ಮೂರು ರೂಪಾಯಿ. ವೇಗ ಏರಿದ್ದು ಮೂರನೇ ಒಂದು ಭಾಗ ಮಾತ್ರವಲ್ಲ ಅನ್ನಿಸಬಹುದು, ಆದರೆ ಶಕ್ತಿ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. ಇಬ್ಬರು ಕೂತ ಬೈಕಿಗೆ 50ರಿಂದ ನಿಂತರೆ ಮೂವತ್ತು ಪೈಸೆ. ಒಂದು ಸಲಕ್ಕೆ ಇದು ಏನೂ ಅಲ್ಲ. ಆದರೆ ನಮ್ಮ ರಸ್ತೆಯಲ್ಲಿ ಒಂದೇ ಸಲ ಬ್ರೇಕ್ ಹಾಕಿ ಊರು ಸೇರಿದವರು ಯಾರಿದ್ದಾರೆ? ಹೋಗಿ ಬರುವ ದಾರಿಯಲ್ಲಿ ನಲವತ್ತು ಸಲ ಹೀಗೆ ನಿಂತು ಹೊರಟರೆ 60, 70 ರೂಪಾಯಿ ಬ್ರೇಕಿಗೇ ಕಟ್ಟಿದ ಹಾಗೆ.

ಹಂಪಿನಲ್ಲಿ ಪೂರ್ತಿ ನಿಲ್ಲಿಸುವುದಿಲ್ಲವಲ್ಲ ಅನ್ನಬಹುದು. 60ರಿಂದ 15ಕ್ಕೆ ಇಳಿಸಿದರೂ ಕೂಡಿಟ್ಟ ಶಕ್ತಿಯಲ್ಲಿ ಶೇ 90ಕ್ಕಿಂತ ಜಾಸ್ತಿ ಹೋಗಿಬಿಡುತ್ತದೆ. 30ಕ್ಕೆ ಇಳಿಸಿದರೆ ಮುಕ್ಕಾಲು ಪಾಲು.

ಹಾಗಾದರೆ ಏನು ಮಾಡಬೇಕು? ಹಾಸನದಿಂದ ಬೇಲೂರಿನ ಕಡೆ ಹೋಗುತ್ತಿದ್ದೀರಿ, ಹಗರೆ ಹತ್ತಿರ ಬಂತು ಅಂದುಕೊಳ್ಳಿ. ದೂರದಲ್ಲಿ ಅಂಗಡಿ ಸಾಲು, ರಸ್ತೆ ಬದಿ ನಿಂತ ಆಟೊ, ದಾಟುತ್ತಿರುವ ಜನ ಕಾಣುತ್ತಾರೆ. ಮುಂದೆ ಹೋಗುತ್ತಿರುವ ಬಸ್ಸಿನ ಹಿಂದಿನ ಕೆಂಪು ದೀಪ ಹತ್ತುತ್ತದೆ. ಅಲ್ಲಿ ಹಂಪ್ ಇದೆ ಅಂತ ಹೇಳಲು ಬೋರ್ಡೇ ಬೇಕಿಲ್ಲ. ಹೆಚ್ಚಿನವರು ಏನು ಮಾಡುತ್ತಾರೆ? ಹಂಪ್ ಮೂಗಿನ ಮುಂದೆ ಬರುವ ತನಕ ಒತ್ತಿಕೊಂಡೇ ಹೋಗಿ, ಕೊನೇ ಕ್ಷಣಕ್ಕೆ ಬ್ರೇಕ್ ಮೇಲೆ ನಿಲ್ಲುತ್ತಾರೆ. ಹಿಂದಿನ ಸೀಟಿನವರ ಹಣೆ ಮುಂದಿನ ಸೀಟಿಗೆ. ಬದಲಿಗೆ ಬಸ್ಸಿನ ದೀಪ ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಕ್ಲಚ್ ಮುಟ್ಟಬೇಡಿ, ಗೇರಿನಲ್ಲೇ ಇರಲಿ. ಗಾಡಿ ತಾನಾಗಿ 60ರಿಂದ 50, 40 ಅಂತ ಇಳಿಯುತ್ತಾ ಹೋಗುತ್ತದೆ. ಹಂಪ್ ಹತ್ತಿರ ಬರುವಷ್ಟರಲ್ಲಿ ಒಂದು ಗೇರ್ ಇಳಿಸಿ, ಬ್ರೇಕ್ ಮೆಲ್ಲಗೆ ಮುಟ್ಟಿದರೆ ಸಾಕು.

ಇಲ್ಲಿ ಉಳಿತಾಯ ಎಲ್ಲಾಯಿತು ಅಂದರೆ, ಫ್ಯೂಯೆಲ್ ಇಂಜೆಕ್ಷನ್ ಇರುವ ಗಾಡಿಯಲ್ಲಿ ನೀವು ಗೇರಿನಲ್ಲಿದ್ದು ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತಿರುತ್ತವೆ. ಆ ನೂರು ಇನ್ನೂರು ಮೀಟರ್ ನೀವು ಪುಕ್ಕಟೆ ಹೋದಿರಿ. ಸುಟ್ಟಾಗಿದ್ದ ಪೆಟ್ರೋಲಿನಲ್ಲೇ ಆ ದೂರ ಸಾಗಿತು. ಬ್ರೇಕಿಗೆ ಹೋಗಬೇಕಿದ್ದದ್ದು ದಾರಿಗೆ ಬಂತು. ಬ್ರೇಕ್ ಪ್ಯಾಡ್ ಬಾಳಿಕೆ ಬರುವುದು ಬೇರೆ ಲಾಭ.

ಇದಕ್ಕೆ ಬೇಕಾದದ್ದು ಎರಡೇ. ದೂರ ನೋಡುವ ಅಭ್ಯಾಸ, ಮುಂದಿನ ಗಾಡಿಯ ಜೊತೆ ಅಂತರ. ಮುಂದಿನವನ ಬಂಪರ್ ಮುಟ್ಟುವ ಹಾಗೆ ಅಂಟಿಕೊಂಡು ಹೋದರೆ ಅವನು ಬ್ರೇಕ್ ಹಾಕಿದಾಗಲೆಲ್ಲ ನೀವೂ ಹಾಕಲೇಬೇಕು. ಅವನ ತಪ್ಪಿಗೆ ನಿಮ್ಮ ಜೇಬಿನಿಂದ ದಂಡ. ಬೇಲೂರು–ಚಿಕ್ಕಮಗಳೂರು ರಸ್ತೆಯಲ್ಲಿ ಟ್ರ್ಯಾಕ್ಟರ್ ಸಿಕ್ಕಿದರೆ ಇದು ಚೆನ್ನಾಗಿ ಕಾಣುತ್ತದೆ. ಓವರ್‌ಟೇಕ್ ಮಾಡಲು ನುಗ್ಗುವುದು, ಎದುರಿಗೆ ಬಸ್ ಬಂದು ಹಿಂದೆ ಸರಿಯುವುದು, ಮತ್ತೆ ನುಗ್ಗುವುದು. ಹೀಗೆ ನಾಲ್ಕು ಸಲ ಮಾಡುವ ಬದಲು ನೇರ ರಸ್ತೆ ಸಿಗುವ ತನಕ ಹಿಂದೆ ಸುಮ್ನೆ ಬಂದು, ಒಂದೇ ಸಲ ಸರಿಯಾಗಿ ದಾಟುವುದು ಅಗ್ಗ. ಅಗ್ಗ ಅನ್ನುವುದಕ್ಕಿಂತ ಜೀವಕ್ಕೂ ಒಳ್ಳೆಯದು, ಅಲ್ವಾ?

ಪೇಟೆಯೊಳಗೂ ಅಷ್ಟೇ. ಹಾಸನದ ಎನ್.ಆರ್. ಸರ್ಕಲ್‌ನಲ್ಲಿ ಕೆಂಪು ದೀಪ ಕಾಣುತ್ತಿದ್ದರೂ ಬುರ್ರೆಂದು ಹೋಗಿ ನಿಲ್ಲುವವರನ್ನು ನೋಡಿದ್ದೀರಿ. ಅವಸರದಿಂದ ಹೋಗಿ ಕಾಯುವುದಕ್ಕೆ ಪೆಟ್ರೋಲ್ ಖರ್ಚು ಮಾಡುವುದು ಯಾವ ಜಾಣತನವೋ ಗೊತ್ತಿಲ್ಲ.

ಗೇರ್, ಏರು, ಇಳಿಜಾರು

ಸಮತಟ್ಟಾದ ರಸ್ತೆಯಲ್ಲಿ ಬೇಗ ಬೇಗ ಮೇಲಿನ ಗೇರಿಗೆ ಹೋಗಿ. ಪೆಟ್ರೋಲ್ ಕಾರಾದರೆ ಆರ್‌ಪಿಎಂ ಮುಳ್ಳು 2,000–2,500ರ ಒಳಗೆ, ಡೀಸೆಲ್ ಆದರೆ 2,000 ದಾಟುವ ಮುಂಚೆ ಬದಲಿಸಿದರೆ ಸಾಕು. ಸೆಕೆಂಡ್ ಗೇರಿನಲ್ಲಿ ಕಿರುಚಿಸಿಕೊಂಡು 50ಕ್ಕೆ ಹೋಗುವ ಅಗತ್ಯ ಯಾವ ಮನೆಗಾಡಿಗೂ ಇಲ್ಲ.

ಏರಿನಲ್ಲಿ ಇದು ಉಲ್ಟಾ. ಮೇಲಿನ ಗೇರಿನಲ್ಲಿದ್ದರೆ ಪೆಟ್ರೋಲ್ ಉಳಿಯುತ್ತದೆ ಅಂತ ಕೆಲವರು ಶಿರಾಡಿ ಹತ್ತುವಾಗಲೂ ನಾಲ್ಕನೇ ಗೇರ್ ಬಿಡುವುದಿಲ್ಲ. ಇಂಜಿನ್ ಗಡಗಡ ಅನ್ನುತ್ತಿರುತ್ತದೆ, ಕಾಲು ಮಾತ್ರ ನೆಲ ಮುಟ್ಟುವಷ್ಟು ಒತ್ತಿರುತ್ತದೆ, ಗಾಡಿ ಏಳುವುದಿಲ್ಲ. ಪೂರ್ತಿ ಒತ್ತಿದಾಗ ಇಂಜಿನ್ ಕೇಳಿದ್ದಕ್ಕಿಂತ ಜಾಸ್ತಿ ಪೆಟ್ರೋಲ್ ತೆಗೆದುಕೊಳ್ಳುತ್ತದೆ. ಗಡಗಡ ಶುರುವಾಗುವ ಮುಂಚೆಯೇ ಒಂದು ಗೇರ್ ಇಳಿಸಿ, ಅರ್ಧ ಒತ್ತಿನಲ್ಲಿ ಒಂದೇ ಸಮನೆ ಹತ್ತಿಸಿ. ಏರಿನಲ್ಲಿ ಗಾಡಿ ನಿಂತರೆ ಹಾಫ್ ಕ್ಲಚ್‌ನಲ್ಲಿ ತೂಗಾಡಿಸಬೇಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಮುಳ್ಳಯ್ಯನಗಿರಿ ರಸ್ತೆಯಲ್ಲಿ ವಾರಾಂತ್ಯ ಯಾರಿಗೂ ಹೊಸದಲ್ಲ. ಪ್ಲೇಟ್ ಬದಲಿಸುವ ಖರ್ಚಿನ ಮುಂದೆ ಪೆಟ್ರೋಲ್ ಖರ್ಚು ಲೆಕ್ಕಕ್ಕೇ ಇಲ್ಲ.

ಅಂದ ಹಾಗೆ, ಬೆಟ್ಟ ಹತ್ತುವುದಕ್ಕೆ ಎಷ್ಟು ಹಿಡಿಯುತ್ತದೆ? ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಸ್ವಲ್ಪ ಮೇಲಿದೆ, ಮುಳ್ಳಯ್ಯನಗಿರಿ ತುದಿ 1,900 ದಾಟುತ್ತದೆ. ಸುಮಾರು 1,200 ಕೆಜಿ ತೂಕದ ಕಾರನ್ನು 800 ಮೀಟರ್ ಎತ್ತರಕ್ಕೆ ಎತ್ತುವುದಕ್ಕೇ ಹತ್ತಿರ ಹತ್ತಿರ ಒಂದು ಲೀಟರ್ ಪೆಟ್ರೋಲ್ ಬೇಕು. ದೂರಕ್ಕೆ ಆಗುವ ಖರ್ಚು ಬೇರೆ. ಇದು ಯಾವ ಚಾಲಕನೂ ತಪ್ಪಿಸಲಾಗದ ಖರ್ಚು, ಹಾಗಾಗಿ ಬೆಟ್ಟಕ್ಕೆ ಹೋದ ವಾರ ಮೈಲೇಜ್ ಬಿತ್ತು ಅಂತ ಗ್ಯಾರೇಜಿಗೆ ಓಡಬೇಡಿ. ಆದರೆ ಹತ್ತುವಾಗ ಕೊಟ್ಟದ್ದರಲ್ಲಿ ಒಂದಿಷ್ಟನ್ನು ಇಳಿಯುವಾಗ ವಾಪಸ್ ಪಡೆಯಬಹುದು.

ಹೇಗೆ ಅನ್ನುವಲ್ಲೇ ಎಲ್ಲರೂ ಎಡವುವುದು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟುಬಿಡುವ ಚಾಳಿ ನಮ್ಮ ಕಡೆ ಹಳೆಯದು. ಕೆಲವರು ಇಂಜಿನ್ನೇ ಆಫ್ ಮಾಡುತ್ತಾರೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಕಡೆ ಇಳಿಯುವಾಗ ಇದನ್ನು ಮಾಡುವುದು ಸಾವಿನ ಜೊತೆ ಆಟ. ಇಂಜಿನ್ ಹಿಡಿತ ಇಲ್ಲದೆ ಪೂರ್ತಿ ಭಾರ ಬ್ರೇಕ್ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿಯುವುದನ್ನೇ ಬಿಡುತ್ತದೆ. ಇಂಜಿನ್ ಆಫ್ ಆಗಿದ್ದರೆ ಬ್ರೇಕಿಗೆ ಬೂಸ್ಟರ್ ಬಲವೂ ಇಲ್ಲ, ಸ್ಟೇರಿಂಗ್ ಕಲ್ಲಾಗುತ್ತದೆ.

ತಮಾಷೆ ಅಂದರೆ, ಇಷ್ಟೆಲ್ಲ ಅಪಾಯ ಮೈಮೇಲೆ ಎಳೆದುಕೊಂಡರೂ ನ್ಯೂಟ್ರಲ್‌ನಿಂದ ಪೆಟ್ರೋಲ್ ಉಳಿಯುವುದಿಲ್ಲ. ನ್ಯೂಟ್ರಲ್‌ನಲ್ಲಿ ಇಂಜಿನ್ ಆಫ್ ಆಗಬಾರದಲ್ಲ, ಅದಕ್ಕೆ ಐಡ್ಲಿಂಗ್‌ಗೆ ಬೇಕಾದಷ್ಟು ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಗೇರಿನಲ್ಲಿ ಇಳಿದರೆ ಆಗಲೇ ಹೇಳಿದ ಹಾಗೆ ಇಂಜೆಕ್ಟರ್ ಬಂದ್. ಕಾರ್ಬೊರೇಟರ್ ಇದ್ದ ಹಳೇ ಗಾಡಿಗಳಲ್ಲಿ ಈ ಸೌಲಭ್ಯ ಇರಲಿಲ್ಲ. ನ್ಯೂಟ್ರಲ್ ಚಾಳಿ ಹುಟ್ಟಿದ್ದು ಆ ಕಾಲದಲ್ಲಿ. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಮಾಮೂಲಿ ಬೈಕುಗಳಿಗೂ ಇಂಜೆಕ್ಷನ್ ಬಂದಿದೆ. ಗಾಡಿ ಬದಲಾಯಿತು, ಚಾಳಿ ಬದಲಾಗಲಿಲ್ಲ.

ಘಾಟಿಗೆ ಹಳೇ ಡ್ರೈವರುಗಳ ಸೂತ್ರವೇ ಸರಿ: ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ಆಟೊಮ್ಯಾಟಿಕ್ ಗಾಡಿ ಆದರೆ ‘ಡಿ’ಯಲ್ಲಿ ಬಿಡದೆ ‘ಎಲ್’ ಅಥವಾ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ.

ಹೈವೇಯಲ್ಲಿ ಹದಿನೈದು ನಿಮಿಷದ ಬೆಲೆ

ಹಾಸನದಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 75 ನಾಲ್ಕು ಪಥ ಆದ ಮೇಲೆ 100ರ ಕೆಳಗೆ ಓಡಿಸುವವರು ಕಡಿಮೆ. ವೇಗ ಏರಿದ ಹಾಗೆ ಗಾಳಿಯ ತಡೆ ಅದರ ವರ್ಗದಂತೆ ಏರುತ್ತದೆ. 80ರಲ್ಲಿ ಇರುವ ಗಾಳಿಯ ತಡೆ 100ಕ್ಕೆ ಹೋದಾಗ ಒಂದೂವರೆ ಪಟ್ಟು ದಾಟುತ್ತದೆ, 120ಕ್ಕೆ ಎರಡೂಕಾಲು ಪಟ್ಟು.

80ರಲ್ಲಿ 18 ಕೊಡುವ ಕಾರು 100ರಲ್ಲಿ 15ರ ಹತ್ತಿರ ಬಂದರೆ ಆಶ್ಚರ್ಯ ಇಲ್ಲ. ನೂರು ಕಿ.ಮೀ. ದೂರಕ್ಕೆ ಹಿಡಿಯೋಣ. 80ರಲ್ಲಿ ಹೋದರೆ ಒಂದೂಕಾಲು ಗಂಟೆ, 555 ರೂಪಾಯಿ. 100ರಲ್ಲಿ ಹೋದರೆ ಒಂದು ಗಂಟೆ, 665 ರೂಪಾಯಿ. ಹದಿನೈದು ನಿಮಿಷಕ್ಕೆ 110 ರೂಪಾಯಿ ಕೊಟ್ಟ ಹಾಗಾಯಿತು. ಆಸ್ಪತ್ರೆಗೆ ಹೋಗುತ್ತಿದ್ದರೆ ಕೊಡಿ, ಯಾರೂ ಕೇಳುವುದಿಲ್ಲ. ಆದರೆ ಉಳಿಸಿದ ಹದಿನೈದು ನಿಮಿಷವನ್ನು ಚನ್ನರಾಯಪಟ್ಟಣದ ಹತ್ತಿರ ಕಾಫಿ ಕುಡಿಯುತ್ತಾ ಫೋನ್ ನೋಡುವುದರಲ್ಲಿ ಕಳೆಯುವುದಾದರೆ, ಆ ಕಾಫಿ ತುಂಬಾ ದುಬಾರಿ. ಕೇಂದ್ರ ಸರ್ಕಾರದ ಪೆಟ್ರೋಲಿಯಂ ಉಳಿತಾಯ ಸಂಸ್ಥೆ ಪಿಸಿಆರ್‌ಎ ಹೇಳುತ್ತಾ ಬಂದಿರುವುದು 45–55ರ ವೇಗ. ಹೈವೇಯಲ್ಲಿ 50ರಲ್ಲಿ ಹೋದರೆ ಹಿಂದಿನ ಲಾರಿಯವನು ಹಾರ್ನ್ ಹೊಡೆದು ಕಿವಿ ಕಿತ್ತುಬಿಡುತ್ತಾನೆ, ಹಾಗಾಗಿ 75–80 ಅನ್ನುವುದು ವ್ಯವಹಾರಕ್ಕೆ ಹೊಂದುವ ವೇಗ.

ಕಾರಿನ ಮೇಲಿನ ಕ್ಯಾರಿಯರ್ ಖಾಲಿ ಇದ್ದರೂ ಗಾಳಿ ತಡೆಯುತ್ತದೆ. ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೋಗಿ ಬಂದ ಮೇಲೆ ಬಿಚ್ಚಿಡಿ.

ನಿಂತ ಗಾಡಿ ಕೊಡುವ ಮೈಲೇಜ್ ಸೊನ್ನೆ

ಸಣ್ಣ ಕಾರು ನಿಂತಲ್ಲೇ ಇಂಜಿನ್ ಓಡುತ್ತಿದ್ದರೆ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರ್ ತನಕ ಹೋಗುತ್ತದೆ. ಎಸಿ ಹಾಕಿದ್ದರೆ ಇನ್ನೂ ಜಾಸ್ತಿ. ಹಾಸನಾಂಬ ದೇವಿ ಬಾಗಿಲು ತೆರೆದ ದಿನಗಳಲ್ಲಿ ಹಾಸನ ಪೇಟೆಯೊಳಗೆ ಗಾಡಿ ತಂದವರಿಗೆ ಇದರ ಅನುಭವ ಚೆನ್ನಾಗಿ ಇರುತ್ತದೆ. ಆ ದಿನಗಳಲ್ಲಿ ಗಾಡಿಯನ್ನು ದೂರ ನಿಲ್ಲಿಸಿ ನಡೆಯುವುದೇ ವಾಸಿ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ, ಔಷಧಿ ಅಂಗಡಿ ಮುಂದೆ ‘ಈಗ ಬಂದೆ’ ಅಂತ ಇಂಜಿನ್ ಬಿಟ್ಟು ಇಳಿದವರು ಐದು ನಿಮಿಷಕ್ಕೆ ಮುಂಚೆ ಬಂದ ಉದಾಹರಣೆ ಇಲ್ಲ. ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದು ಗ್ಯಾರಂಟಿ ಅಂದರೆ ಆಫ್ ಮಾಡಿ. ಮತ್ತೆ ಸ್ಟಾರ್ಟ್ ಮಾಡುವುದಕ್ಕೆ ಜಾಸ್ತಿ ಪೆಟ್ರೋಲ್ ಹಿಡಿಯುತ್ತದೆ ಅನ್ನುವ ಮಾತು ಈಗಿನ ಗಾಡಿಗಳಿಗೆ ಅನ್ವಯಿಸುವುದಿಲ್ಲ. ಒಂದೇ ವಿನಾಯಿತಿ: ಟರ್ಬೊ ಇರುವ ಗಾಡಿ ಘಾಟಿ ಹತ್ತಿ ಬಂದು ನಿಂತರೆ ಒಂದು ನಿಮಿಷ ಓಡಲು ಬಿಟ್ಟು ಆಮೇಲೆ ಆಫ್ ಮಾಡಿ, ಟರ್ಬೊ ತಣ್ಣಗಾಗಬೇಕು.

ಚಳಿಗಾಲದ ಬೆಳಿಗ್ಗೆ ಮೂಡಿಗೆರೆ, ಸಕಲೇಶಪುರದ ಕಡೆ ಇನ್ನೊಂದು ದೃಶ್ಯ. ಮಂಜಿನಲ್ಲಿ ಜೀಪು ಸ್ಟಾರ್ಟ್ ಮಾಡಿ, ‘ಇಂಜಿನ್ ಬಿಸಿ ಆಗ್ಲಿ’ ಅಂತ ಬಿಟ್ಟು ಯಜಮಾನರು ಒಳಗೆ ಹೋಗಿ ಕಾಫಿ ಮುಗಿಸಿ ಬರುತ್ತಾರೆ. ಅರ್ಧ ನಿಮಿಷ ಬಿಟ್ಟರೆ ಆಯಿಲ್ ಓಡಾಡಿರುತ್ತದೆ. ಆಮೇಲೆ ಮೊದಲ ಎರಡು ಮೂರು ಕಿ.ಮೀ. ಮೆಲ್ಲಗೆ ಓಡಿಸಿದರೆ ನಿಂತಲ್ಲೇ ಬಿಡುವುದಕ್ಕಿಂತ ಬೇಗ ಇಂಜಿನ್ ಬಿಸಿಯಾಗುತ್ತದೆ.

ತಣ್ಣನೆಯ ಇಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅನ್ನುವುದು ನಿಜ, ಅದಕ್ಕೇ ಸಣ್ಣ ಸಣ್ಣ ಓಡಾಟ ದುಬಾರಿ. ತೋಟದವರಿಗೆ ಇದು ಮುಖ್ಯ. ಬೆಳಿಗ್ಗೆ ಹಾಲಿಗೆ ಒಂದು ಸಲ, ಹತ್ತು ಗಂಟೆಗೆ ಬ್ಯಾಂಕಿಗೆ ಒಂದು ಸಲ, ಮಧ್ಯಾಹ್ನ ಪಂಪ್‌ಸೆಟ್ಟಿನ ವಾಷರ್ ತರಲು ಇನ್ನೊಂದು ಸಲ. ಪ್ರತಿ ಸಲ ಇಂಜಿನ್ ಬಿಸಿಯಾಗುವಷ್ಟರಲ್ಲಿ ಊರು ಬಂದಿರುತ್ತದೆ. ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಒಂದೇ ಓಡಾಟದಲ್ಲಿ ಮುಗಿಸಿದರೆ ಉಳಿಯುವ ಹಣದ ಮುಂದೆ ಈ ಲೇಖನದ ಬಾಕಿ ಸಲಹೆಗಳೆಲ್ಲ ಚಿಲ್ಲರೆ.

ಟೈರ್, ತೂಕ, ಎಸಿ

ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ, ಗಾಡಿ ಓಡಿ ಬಿಸಿಯಾಗುವ ಮುಂಚೆ ನೋಡಿಸಿ. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕರ್‌ನಲ್ಲಿ ಇದೆ. ಪಂಕ್ಚರ್ ಅಂಗಡಿಯವರು ಎಲ್ಲಕ್ಕೂ ಒಂದೇ ಅಳತೆ ಹಾಕಿಬಿಡುತ್ತಾರೆ, ನೀವೇ ಹೇಳಿ ಹಾಕಿಸಿ. ಗಾಳಿ ಕಮ್ಮಿ ಇದ್ದರೆ ಮೈಲೇಜೂ ಹೋಗುತ್ತದೆ, ಟೈರಿನ ಅಂಚೂ ಸವೆಯುತ್ತದೆ.

ಜೀಪಿಗೆ ನೋಡಲು ಚೆಂದ ಅಂತ ದಪ್ಪ ಗುಂಡಿಯ ಕೆಸರಿನ ಟೈರ್ ಹಾಕಿಸುವ ಶೋಕಿ ನಮ್ಮ ಹುಡುಗರಲ್ಲಿ ಜಾಸ್ತಿ. ಮಳೆಗಾಲದಲ್ಲಿ ತೋಟದೊಳಗೆ ಓಡಿಸುವವರಿಗೆ ಅದು ಬೇಕು, ಒಪ್ಪುತ್ತೇನೆ. ವರ್ಷವಿಡೀ ಟಾರು ರಸ್ತೆಯಲ್ಲೇ ಓಡಾಡುವ ಗಾಡಿಗೆ ಅದರಿಂದ ಸಿಗುವುದು ಗುಂಯ್ ಸದ್ದು, ಕೆಳಗಿಳಿದ ಮೈಲೇಜ್.

ತೂಕದ ವಿಷಯ ಒಂದೇ ಮಾತು: ಕಾಫಿ ಕುಯ್ಲು ಮುಗಿದರೂ ಪಿಕಪ್ಪಿನಲ್ಲಿ ಉಳಿದುಕೊಂಡಿರುವ ಗೊಬ್ಬರದ ಮೂಟೆ, ಕಬ್ಬಿಣದ ಸಾಮಾನು ಇಳಿಸಿ. ಏರಿನ ರಸ್ತೆಯಲ್ಲಿ ಪ್ರತಿ ಕೆಜಿಗೂ ಬಾಡಿಗೆ ಕೊಡುತ್ತಿದ್ದೀರಿ. ಧೂಳಿನ ರಸ್ತೆಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರನ್ನು ಸರ್ವೀಸ್ ತನಕ ಕಾಯದೆ ನೋಡಿಸಿ.

ನಮ್ಮ ಹವೆಯಲ್ಲಿ ವರ್ಷದ ಬಹುಪಾಲು ಎಸಿ ಬೇಕಾಗುವುದೇ ಇಲ್ಲ. ಪೇಟೆಯೊಳಗೆ ಕಿಟಕಿ ಇಳಿಸಿದರೆ ಸಾಕು. ಹೈವೇಯಲ್ಲಿ ಮಾತ್ರ ನಾಲ್ಕೂ ಕಿಟಕಿ ತೆಗೆದು 90ರಲ್ಲಿ ಹೋಗುವುದಕ್ಕಿಂತ ಕಿಟಕಿ ಮುಚ್ಚಿ ಎಸಿ ಹಾಕುವುದೇ ಸರಿ. ಮಳೆಗಾಲದ ಘಾಟಿಯಲ್ಲಿ ಗಾಜು ಒಳಗಿನಿಂದ ಮಬ್ಬಾದರೆ ಎಸಿ ಹಾಕಲೇಬೇಕು. ಅಲ್ಲಿ ಹತ್ತು ರೂಪಾಯಿ ಉಳಿಸಲು ಹೋಗಿ ಕೈಯಲ್ಲಿ ಗಾಜು ಒರೆಸುತ್ತಾ ಓಡಿಸುವುದು ಮೂರ್ಖತನ.

ಒಂದು ಟ್ಯಾಂಕಿಗೆ ಒಂದೇ ಬದಲಾವಣೆ

ಇದನ್ನೆಲ್ಲ ನಾಳೆಯಿಂದಲೇ ಶುರು ಮಾಡಿದರೆ ನಾಲ್ಕನೇ ದಿನಕ್ಕೆ ಮರೆತುಹೋಗುತ್ತದೆ. ಮೊದಲ ಟ್ಯಾಂಕ್ ನಿಮ್ಮ ಈಗಿನ ರೀತಿಯಲ್ಲೇ ಓಡಿಸಿ ಅಂಕಿ ಬರೆದಿಡಿ. ಎರಡನೇ ಟ್ಯಾಂಕಿನಲ್ಲಿ ಬ್ರೇಕ್ ಒಂದರ ಮೇಲೆ ಗಮನ. ಮೂರನೆಯದರಲ್ಲಿ ವೇಗ. ಹೀಗೆ ಬಿಡಿಬಿಡಿಯಾಗಿ ಮಾಡಿದರೆ ನಿಮ್ಮ ದಾರಿಗೆ ಯಾವುದು ಲಾಭ ಅಂತ ನಿಮಗೇ ಕಾಣುತ್ತದೆ. ದಿನಾ ಹಾಸನ–ಚನ್ನರಾಯಪಟ್ಟಣ ಓಡಾಡುವವರಿಗೆ ವೇಗದಲ್ಲಿ ಉಳಿಯಬಹುದು, ಸಕಲೇಶಪುರದ ಆಚೆ ಓಡಾಡುವವರಿಗೆ ಗೇರಿನಲ್ಲಿ. ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರು 14ರಿಂದ 16ಕ್ಕೆ ಬಂದರೆ 890 ರೂಪಾಯಿ ಉಳಿಯುತ್ತದೆ.

ಗಾಡಿ ಓಡಿಸುವವರು ಸಂಬಳದ ಡ್ರೈವರ್ ಆಗಿದ್ದರೆ ಬೈಯುವುದರಿಂದ ಏನೂ ಆಗುವುದಿಲ್ಲ. ‘ನೋಡಪ್ಪ, ತಿಂಗಳ ಲೆಕ್ಕದಲ್ಲಿ ಎಷ್ಟು ಉಳೀತೋ ಅದರಲ್ಲಿ ಅರ್ಧ ನಿಂಗೆ’ ಅನ್ನಿ. ಮೈಲೇಜ್ ಏರುವ ರೀತಿ ನೋಡಿ ನಿಮಗೇ ಬೆರಗಾಗುತ್ತದೆ.

ಕೊನೆಗೆ ಬಂಕಿನ ಮಾತು

ಹಳೇ ಗಾಡಿ ಐದಾರು ವರ್ಷದ ಹಿಂದೆ ಕೊಡುತ್ತಿದ್ದ ಮೈಲೇಜಿಗೂ ಇವತ್ತಿನದಕ್ಕೂ ಹೋಲಿಸಬೇಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಇದೆ. ಎಥೆನಾಲಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಮಿಶ್ರಣ ಮಾಡಿದ ಲೀಟರಿನಲ್ಲಿ ಶೇ 6ರ ಆಸುಪಾಸು ಶಕ್ತಿ ಕಡಿಮೆ ಇರುತ್ತದೆ. ಇದು ನಿಮ್ಮ ಕಾಲಿನ ತಪ್ಪಲ್ಲ.

ಬೆಳಿಗ್ಗೆ ತಂಪು ಹೊತ್ತಿಗೆ ಹಾಕಿಸಿದರೆ ಜಾಸ್ತಿ ಬರುತ್ತದೆ ಅನ್ನುವವರಿದ್ದಾರೆ. ಪೆಟ್ರೋಲ್ ಬಿಸಿಗೆ ಹಿಗ್ಗುವುದು ನಿಜ, ಒಂದು ಡಿಗ್ರಿಗೆ ಹೆಚ್ಚುಕಡಿಮೆ ಸಾವಿರಕ್ಕೆ ಒಂದು ಪಾಲು. ಆದರೆ ಬಂಕಿನ ಟ್ಯಾಂಕ್ ಇರುವುದು ನೆಲದೊಳಗೆ, ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಬಿಸಿ ಬದಲಾಗುವುದೇ ಅಪರೂಪ. ಇಪ್ಪತ್ತು ಲೀಟರಿಗೆ ಎರಡು ರೂಪಾಯಿ ವ್ಯತ್ಯಾಸ ಬಂದರೆ ದೊಡ್ಡದು. ನೂರರ ಬದಲು 110ಕ್ಕೆ ಹಾಕಿಸಿದರೆ ಮೋಸ ಆಗುವುದಿಲ್ಲ ಅನ್ನುವುದೂ ಇದೇ ಜಾತಿಯ ಮಾತು. ಜಾಸ್ತಿ ದುಡ್ಡಿನ ಪ್ರೀಮಿಯಂ ಪೆಟ್ರೋಲ್, ನಿಮ್ಮ ಗಾಡಿಯ ಕೈಪಿಡಿಯಲ್ಲಿ ಹೈ ಆಕ್ಟೇನ್ ಬೇಕು ಅಂತ ಬರೆದಿದ್ದರೆ ಮಾತ್ರ ಹಾಕಿಸಿ.

ನಿಜವಾಗಿ ಅನುಮಾನ ಬಂದರೆ ಅದಕ್ಕೆ ದಾರಿ ಇದೆ. ಪ್ರತಿ ಬಂಕಿನಲ್ಲೂ ಸೀಲ್ ಹಾಕಿದ 5 ಲೀಟರಿನ ಅಳತೆ ಪಾತ್ರೆ ಇರಲೇಬೇಕು, ಅದರಲ್ಲಿ ಅಳೆದು ತೋರಿಸಿ ಅಂತ ಕೇಳುವ ಹಕ್ಕು ಗ್ರಾಹಕರಿಗಿದೆ. 5 ಲೀಟರಿಗೆ 25 ಮಿಲಿಲೀಟರ್ ತನಕ ಹೆಚ್ಚುಕಡಿಮೆ ಆಗಬಹುದು. ಅದಕ್ಕಿಂತ ಕಮ್ಮಿ ಬಂದರೆ ಅಲ್ಲೇ ದೂರು ಪುಸ್ತಕ ಕೇಳಿ ಬರೆಯಿರಿ, ಕಾನೂನು ಮಾಪನ ಇಲಾಖೆಗೂ ದೂರು ಕೊಡಿ. ಕೇಳುವುದಕ್ಕೆ ಸಂಕೋಚ ಬೇಡ. ಬಿಲ್ ಇಟ್ಟುಕೊಂಡಿರಿ, ಪಂಪಿನ ನಂಬರ್ ಬರೆದುಕೊಂಡಿರಿ.